ಮಿಲ್ಲಿನ ಮಾಳಿಗೆ ಯಾರ ಜವಾಬ್ದಾರಿ?

ಗಂಗಾವತಿಯ ಓದುಗರೊಬ್ಬರ ಪ್ರಶ್ನೆ:

"ಮುಂದಿನ ತಿಂಗಳು ನಮ್ಮ ರೈತ ಸಂಘಟನೆಯಿಂದ ಊರಿನ ಕಾಲೇಜು ಮೈದಾನದಾಗ ಸಮಾವೇಶ ಐತಿ. ಐದು ಸಾವಿರ ಮಂದಿ ಸೇರಬಹುದು. ಇಬ್ಬರು ಮಾಜಿ ಮಂತ್ರಿಗಳು, ಒಬ್ಬ ಶಾಸಕರು ಬರ್ತಾರ. ಮೈದಾನದ ಒಂದು ಮಗ್ಗಲಿಗೆ ರೈಸ್ ಮಿಲ್ಲು, ಇನ್ನೊಂದು ಮಗ್ಗಲಿಗೆ ನೀರಿನ ಟ್ಯಾಂಕು, ಎದುರಿಗೆ ಕೆಲಸ ನಡೆದಿರೋ ಮೂರಂತಸ್ತಿನ ಕಾಂಪ್ಲೆಕ್ಸು. ಟ್ರಂಪ್ ಸಭೆಯಾಗ ಗುಂಡು ಹಾರಿದ ವಿಡಿಯೋ ಮತ್ತ ಮತ್ತ ನೋಡೀನಿ. ಅಷ್ಟು ಪೊಲೀಸರಿದ್ದೂ ಒಬ್ಬ ಹುಡುಗ ಮಾಳಿಗಿ ಏರಿದ್ದು ಹೆಂಗ? ಬೇಕಂತಲೇ ಬಿಟ್ರು ಅಂತ ವಾಟ್ಸಾಪಿನಾಗ ಬರ್ತೈತಿ, ಖರೇನಾ? ಇಷ್ಟು ದಿನ ಆದ್ರೂ ಪೂರ್ತಿ ಉತ್ತರ ಯಾಕ ಸಿಕ್ಕಿಲ್ಲ? ನಮ್ಮ ಕಮಿಟಿಯಾಗ ಕೆಲವರು ಖಾಸಗಿ ಗನ್‌ಮ್ಯಾನ್‌ಗಳನ್ನ ನಿಲ್ಲಿಸೋಣ ಅಂತಾರ. ನಿಲ್ಲಿಸಬೇಕಾ? ಇಲ್ಲಿ ಮಿಲ್ಲಿನ ಮ್ಯಾಲೆ ಯಾರು ಹತ್ತಿದ್ರೂ ಯಾರೂ ಕೇಳಂಗಿಲ್ಲ ಸರ್."

ಉತ್ತರ:

ನಿಮ್ಮ ಪತ್ರದ ಕೊನೆಯ ವಾಕ್ಯವೇ ಇಡೀ ವಿಷಯದ ತಿರುಳು. ಟ್ರಂಪ್ ಸಭೆ ನಡೆದ ಬಟ್ಲರ್‌ನಲ್ಲಿ ಆದದ್ದೂ ಅದೇ. ಹತ್ತಿದವನನ್ನು ಕೇಳುವುದು ಯಾರ ಕೆಲಸ ಎಂಬುದು ತೀರ್ಮಾನವಾಗಿರಲಿಲ್ಲ.

ಮೊದಲು ಗೊತ್ತಿರುವ ಸಂಗತಿ. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನ ಮೈದಾನದಲ್ಲಿ ಟ್ರಂಪ್ ಮಾತನಾಡುತ್ತಿದ್ದರು. ಗುಂಡು ಬಂದ ಕಟ್ಟಡ ವೇದಿಕೆಯಿಂದ 130-140 ಮೀಟರ್ ದೂರದಲ್ಲಿತ್ತು, ಆದರೆ ತಪಾಸಣೆಯ ಬೇಲಿಯ ಆಚೆಗಿತ್ತು. ಇಪ್ಪತ್ತು ವರ್ಷದ ಆ ಯುವಕ ಮಧ್ಯಾಹ್ನವೇ ಸುಮಾರು 11 ನಿಮಿಷ ಡ್ರೋನ್ ಹಾರಿಸಿ ಜಾಗ ನೋಡಿಕೊಂಡಿದ್ದ. ಗುಂಡು ಹಾರುವ ಒಂದು ಗಂಟೆಗೂ ಮೊದಲೇ ಸ್ಥಳೀಯ ಪೊಲೀಸರ ಕಣ್ಣಿಗೆ ಬಿದ್ದಿದ್ದ. ದೂರ ಅಳೆಯುವ ರೇಂಜ್‌ಫೈಂಡರ್ ಹಿಡಿದಿದ್ದನ್ನೂ ಅವರು ಕಂಡರು. ಅವನ ಫೋಟೊ ಫೋನಿನಿಂದ ಫೋನಿಗೆ ಹೋಯಿತು. ಎ.ಸಿ. ಯಂತ್ರ ಮತ್ತು ಪೈಪು ಹಿಡಿದು ಅವನು ಮೇಲೇರಿದ. ಸಂಜೆ 6.11ಕ್ಕೆ ಎಂಟು ಗುಂಡು ಹಾರಿಸಿದ. ಸಭಿಕರೊಬ್ಬರು ಸತ್ತರು, ಇಬ್ಬರು ತೀವ್ರವಾಗಿ ಗಾಯಗೊಂಡರು, ಟ್ರಂಪ್ ಬಲಗಿವಿಗೆ ಗಾಯವಾಯಿತು. ಮೊದಲ ಗುಂಡಿನಿಂದ ಅವನನ್ನು ಕೊಲ್ಲುವವರೆಗೆ ಹಿಡಿದದ್ದು ಸುಮಾರು 16 ಸೆಕೆಂಡ್.

ಅದೇ ಕಟ್ಟಡ ಸಮುಚ್ಚಯದ ಒಳಗೆ ಸ್ಥಳೀಯ ಪೊಲೀಸರಿದ್ದರು. ಕಟ್ಟಡವನ್ನು ಸ್ಥಳೀಯರು ನೋಡಿಕೊಳ್ಳುತ್ತಾರೆಂದು ಟ್ರಂಪ್ ಕಾವಲಿನ ಹೊಣೆ ಹೊತ್ತ ಕೇಂದ್ರ ಸಂಸ್ಥೆ ಸೀಕ್ರೆಟ್ ಸರ್ವಿಸ್ ತಿಳಿದಿತ್ತು; ತಮ್ಮ ಕೆಲಸ ಕಿಟಕಿಯಿಂದ ಜನರನ್ನು ಗಮನಿಸುವುದೆಂದು ಒಳಗಿದ್ದವರು ತಿಳಿದಿದ್ದರು. ಎರಡೂ ಪಡೆಗಳಿಗೆ ಬೇರೆ ಬೇರೆ ನಿಯಂತ್ರಣ ಕೊಠಡಿ, ಬೇರೆ ಬೇರೆ ರೇಡಿಯೊ. 'ಮಾಳಿಗೆ ಮೇಲೆ ಒಬ್ಬ ಬಂದೂಕು ಹಿಡಿದಿದ್ದಾನೆ' ಎಂಬ ಮಾತು ಒಂದು ರೇಡಿಯೊದಲ್ಲಿ ಕೂಗಿ ಹೇಳಿದರೂ ಇನ್ನೊಂದರಲ್ಲಿ ಕೇಳಲಿಲ್ಲ. ಮಾಳಿಗೆ ಇಳಿಜಾರಾಗಿತ್ತು, ಅದಕ್ಕೇ ಮೇಲೆ ಯಾರನ್ನೂ ನಿಲ್ಲಿಸಲಿಲ್ಲ ಎಂದು ಸಂಸ್ಥೆಯ ನಿರ್ದೇಶಕಿ ಕಿಂಬರ್ಲಿ ಚೀಟಲ್ ಹೇಳಿ ನಗೆಪಾಟಲಿಗೀಡಾದರು. ಅವರದೇ ಗುರಿಕಾರರು ಇಳಿಜಾರು ಮಾಳಿಗೆಯ ಮೇಲೇ ಇದ್ದರಲ್ಲ! ಹತ್ತು ದಿನದಲ್ಲಿ ಅವರು ರಾಜೀನಾಮೆ ಕೊಟ್ಟರು. ಇದು ತಪ್ಪಿಸಬಹುದಾಗಿದ್ದ ಘಟನೆ ಎಂದು ಅಮೆರಿಕದ ಕೆಳಮನೆಯ ತನಿಖಾ ತಂಡ ಅದೇ ಡಿಸೆಂಬರ್‌ನಲ್ಲಿ ಬರೆಯಿತು. ಸೀಕ್ರೆಟ್ ಸರ್ವಿಸ್‌ನ ಆರು ಮಂದಿ ಸಿಬ್ಬಂದಿಗೆ 10ರಿಂದ 42 ದಿನಗಳ ಅಮಾನತು ಆಯಿತು.

'ಬೇಕಂತಲೇ ಬಿಟ್ಟರು' ಎಂಬುದಕ್ಕೆ ಈ ಯಾವ ತನಿಖೆಯಲ್ಲೂ ಆಧಾರ ಸಿಕ್ಕಿಲ್ಲ; ಒಬ್ಬನೇ ಮಾಡಿದ್ದೆಂದೇ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹೇಳುತ್ತದೆ. ಆದರೂ ಜನ ಸಂಚೆಂದು ನಂಬುವುದು ಸಹಜ. ಅಷ್ಟು ದೊಡ್ಡ ಸಂಸ್ಥೆ ಇಷ್ಟು ಸಣ್ಣದನ್ನು ಮರೆಯುತ್ತದೆಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಬಂದೋಬಸ್ತ್ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಎರಡು ಪಡೆಗಳು ಸೇರಿದ ಕಡೆ 'ಅವರು ನೋಡ್ಕೋತಾರ' ಎಂಬ ಮಾತೇ ಅತಿ ದೊಡ್ಡ ಬಿರುಕು.

ಪೂರ್ತಿ ಉತ್ತರ ಏಕಿಲ್ಲ ಎಂದರೆ, ನಾವು 'ತನಿಖೆ' ಎಂದು ಒಂದೇ ಹೆಸರಿನಿಂದ ಕರೆಯುವುದು ಮೂರು ಬೇರೆ ಕೆಲಸ. ಕ್ರಿಮಿನಲ್ ತನಿಖೆ ಕೇಳುವುದು 'ಯಾರು ಮಾಡಿದರು'. ಇಲಾಖಾ ವಿಚಾರಣೆ ಕೇಳುವುದು 'ನಮ್ಮವರಲ್ಲಿ ಯಾರು ಕರ್ತವ್ಯ ತಪ್ಪಿದರು'. ಆಯೋಗವೋ ಸದನ ಸಮಿತಿಯೋ ಕೇಳುವುದು 'ವ್ಯವಸ್ಥೆ ಎಲ್ಲಿ ಸೋತಿತು'. ಬಟ್ಲರ್‌ನಲ್ಲಿ ಆರೋಪಿ ಸತ್ತಿದ್ದರಿಂದ ಮೊಕದ್ದಮೆಯೇ ನಡೆಯಲಿಲ್ಲ. ಸಾಕ್ಷಿಗಳ ಪಾಟೀ ಸವಾಲು ಆಗಲಿಲ್ಲ. ಅವನ ಉದ್ದೇಶ ಅವನೊಂದಿಗೇ ಹೋಯಿತು. ನಮ್ಮಲ್ಲೂ ಹಾಗೇ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಬರುವ ವರದಿ ಶಿಫಾರಸು ಮಾತ್ರ, ತೀರ್ಪಲ್ಲ. ರಾಜೀವ್ ಗಾಂಧಿ ಹತ್ಯೆಯಲ್ಲಿ ಭದ್ರತಾ ಲೋಪವನ್ನು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ನೋಡಿತು. ಕೊಲೆ ಮೊಕದ್ದಮೆ ಬೇರೆಯೇ ದಾರಿಯಲ್ಲಿ ಸಾಗಿತು. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ತನಿಖೆಗೆ ಅಡ್ಡಿಯಾಗುವುದನ್ನು, ಜೀವಕ್ಕೆ ಅಪಾಯ ತರುವುದನ್ನು ಕೊಡದಿರಲು ಕಾಯ್ದೆಯ 8ನೇ ಕಲಮು ಅವಕಾಶ ಕೊಡುತ್ತದೆ. ಇಂಥ ಅರ್ಜಿ ಹಾಕುವವರು 'ಲೋಪ ಏನು' ಎಂದು ಕೇಳುವುದಕ್ಕಿಂತ ಸಭೆಗೆ ಕೊಟ್ಟ ಅನುಮತಿ ಪತ್ರ ಮತ್ತು ಅದರ ಷರತ್ತುಗಳ ಪ್ರತಿ ಕೇಳುವುದು ಉಪಯುಕ್ತ. ಯಾವ ಷರತ್ತು ಮುರಿಯಿತು ಎಂಬುದು ಅದರಿಂದಲೇ ತಿಳಿಯುತ್ತದೆ.

ಜಪಾನಿನ ಪ್ರಕರಣ ನಿಮ್ಮ ಮೈದಾನಕ್ಕೆ ಇನ್ನೂ ಹತ್ತಿರ. 2022ರ ಜುಲೈ 8ರಂದು ನಾರಾ ನಗರದ ರೈಲು ನಿಲ್ದಾಣದ ಎದುರು ಮಾಜಿ ಪ್ರಧಾನಿ ಶಿಂಜೊ ಅಬೆ ಮಾತನಾಡುವಾಗ ಹಂತಕ ಹಿಂದಿನಿಂದ ನಡೆದು ಬಂದ. ಕೈಯಲ್ಲಿದ್ದದ್ದು ಮನೆಯಲ್ಲೇ ಜೋಡಿಸಿದ ಬಂದೂಕು. ಮೊದಲ ಗುಂಡು ತಪ್ಪಿತು. ಎರಡನೆಯದು ಹಾರುವ ಮುನ್ನ ಎರಡೂವರೆ ಸೆಕೆಂಡಿನಷ್ಟು ಸಮಯವಿತ್ತು; ಆದರೆ ಆ ಸದ್ದು ಬಂದೂಕಿನದೆಂದು ಕಾವಲಿನವರಿಗೆ ತಕ್ಷಣ ಹೊಳೆಯಲಿಲ್ಲ. ಬೆನ್ನ ಹಿಂದಿನ ರಸ್ತೆ ತೆರೆದೇ ಇತ್ತು. ಹಿಂದೊಮ್ಮೆ ಅದೇ ಜಾಗದಲ್ಲಿ ನಡೆದ ಸಭೆಯ ಯೋಜನೆಯನ್ನೇ ಆ ದಿನಕ್ಕೂ ಬಳಸಿದ್ದರು.

ಈಗ ನಿಮ್ಮ ಮೈದಾನಕ್ಕೆ ಬರೋಣ. ಎರಡು ದಿನ ಮೊದಲು, ಸಭೆ ನಡೆಯುವ ಹೊತ್ತಿಗೇ, ಠಾಣೆಯ ಅಧಿಕಾರಿಯನ್ನು ಕರೆದುಕೊಂಡು ಮೈಕ್ ನಿಲ್ಲುವ ಜಾಗದಲ್ಲಿ ನಿಂತು ಒಂದು ಪೂರ್ತಿ ಸುತ್ತು ತಿರುಗಿ. ನಿಮಗೆ ಕಾಣುವ ಪ್ರತಿ ಕಿಟಕಿ, ಮಾಳಿಗೆ, ಬಂಡೆಗಲ್ಲಿನ ಗುಡ್ಡಕ್ಕೂ ನೀವು ಕಾಣುತ್ತೀರಿ. ಆಮೇಲೆ ಗಣ್ಯರ ಕುರ್ಚಿಯಲ್ಲಿ ಕುಳಿತು ಇನ್ನೊಮ್ಮೆ ನೋಡಿ, ಕುಳಿತಾಗ ಲೆಕ್ಕ ಬದಲಾಗುತ್ತದೆ. ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಜಾಗ, ಮಾಲೀಕರು, ಬೀಗದ ಕೈ ಯಾರ ಹತ್ತಿರ, ಹತ್ತುವ ದಾರಿ ಎಷ್ಟು, ಆ ದಿನ ನಿಲ್ಲುವವರ ಹೆಸರು, ಫೋನ್ ಸಂಖ್ಯೆ. 'ಪೊಲೀಸ್' ಎಂದೋ 'ಸ್ವಯಂಸೇವಕರು' ಎಂದೋ ಬರೆದರೆ ಆ ಸಾಲು ಖಾಲಿ ಬಿಟ್ಟಂತೆಯೇ. ಅಲ್ಲಿ ಒಬ್ಬ ಮನುಷ್ಯನ ಹೆಸರಿರಬೇಕು.

ರೈಸ್ ಮಿಲ್ಲಿನ ತಗಡು ಅಥವಾ ಸಿಮೆಂಟ್ ಶೀಟಿನ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಸಿಮೆಂಟ್ ಶೀಟು ಮುರಿದು ಕಾನ್‌ಸ್ಟೆಬಲ್ ಕೆಳಗೆ ಬಿದ್ದಾನು; ಏಪ್ರಿಲ್ ಬಿಸಿಲಿಗೆ ತಗಡಿನ ಮೇಲೆ ಬೂಟಿನ ಕಾಲೂ ನಿಲ್ಲುವುದಿಲ್ಲ. ಮಿಲ್ಲಿನ ಎತ್ತರದ ಜಾಗ ಶೀಟಲ್ಲ, ಭತ್ತ ಮೇಲೆತ್ತುವ ಎಲಿವೇಟರಿನ ತಲೆ. ಅದಕ್ಕೆ ಪಕ್ಕದಲ್ಲೇ ಕಬ್ಬಿಣದ ಏಣಿ ಇರುತ್ತದೆ. ಕುಚ್ಚಲಕ್ಕಿ ಮಿಲ್ಲಾದರೆ ಬಾಯ್ಲರ್ ಚಿಮಣಿಗೂ ಏಣಿ ಇರುತ್ತದೆ. ಕಾವಲು ಬೇಕಾದದ್ದು ಆ ಏಣಿಗಳ ಬುಡದಲ್ಲಿ. ಮಾಲೀಕರಿಗೆ ಹೇಳಿ ಆ ಮೂರು ಗಂಟೆ ಮಿಲ್ಲು ನಿಲ್ಲಿಸಿ. ಒಳಗಿರುವ ಹಮಾಲರ ಹೆಸರಿನ ಪಟ್ಟಿ ಮೇಸ್ತ್ರಿಯಿಂದ ತೆಗೆದುಕೊಳ್ಳಿ. ಕಾಂಪೌಂಡಿಗೆ ತಾಗಿ ನಿಲ್ಲುವ ಭತ್ತದ ಲಾರಿಗಳ ಮೇಲೆ ಹತ್ತಿದರೆ ಗೋಡೆ ದಾಟುವುದು ಸುಲಭ, ಆದ್ದರಿಂದ ಅವನ್ನು ಅಲ್ಲಿಂದ ತೆಗೆಸಿ. ಅದೇ ಲಾರಿಗಳನ್ನು ಖಾಲಿ ಮಾಡಿಸಿ, ಗೋಡೆಯಿಂದ ದೂರ, ವೇದಿಕೆಗೂ ಮಿಲ್ಲಿಗೂ ನಡುವೆ ಸಾಲಾಗಿ ನಿಲ್ಲಿಸಿದರೆ ನೋಟಕ್ಕೆ ಒಳ್ಳೆಯ ಮರೆ. ಶಾಮಿಯಾನದ ಪಕ್ಕದ ಪರದೆಯೂ ಅಷ್ಟೇ. ಬಟ್ಟೆ ಗುಂಡು ತಡೆಯುವುದಿಲ್ಲ, ಆದರೆ ಕಾಣದ್ದಕ್ಕೆ ಗುರಿಯಿಡುವುದು ಕಷ್ಟ. ಕಾರ್ಯಕ್ರಮ ಕತ್ತಲಿಗೆ ಎಳೆದರೆ ಒಂದು ಎಚ್ಚರ: ಫ್ಲೆಕ್ಸಿನ ಹಿಂದೆ ದೀಪ ಹಾಕಿದರೆ ಕುಳಿತವರ ನೆರಳು ಹಿಂದಿನಿಂದ ಅಚ್ಚೊತ್ತಿದಂತೆ ಕಾಣುತ್ತದೆ.

ನೀರಿನ ಟ್ಯಾಂಕು ಸುಲಭ. ಮೆಟ್ಟಿಲಿನ ಗೇಟಿಗೆ ಬೀಗ, ಕೀಲಿ ನೀರುಗಂಟಿಯ ಹತ್ತಿರ. ಬೀಗ ತುಕ್ಕು ಹಿಡಿದು ಹೆಸರಿಗಷ್ಟೇ ಇದೆಯೇ ಎಂದು ಕೈಯಿಂದ ಎಳೆದು ನೋಡಿ.

ನಿಜವಾದ ತಲೆನೋವು ಎದುರಿನ ಕಾಂಪ್ಲೆಕ್ಸು. ಬಾಗಿಲಿಲ್ಲ, ಕಿಟಕಿಯಿಲ್ಲ, ಸೆಂಟ್ರಿಂಗ್ ಕಂಬ ಹಿಡಿದು ಯಾವ ಕಡೆಯಿಂದಲೂ ಹತ್ತಬಹುದು. ಸಭೆ ನೋಡಲೆಂದು ಹುಡುಗರು ಹತ್ತಿಯೇ ಹತ್ತುತ್ತಾರೆ. ನೂರು ಹುಡುಗರ ನಡುವೆ ಒಬ್ಬ ಕೆಟ್ಟವನನ್ನು ಹುಡುಕಲಾಗದು. ಅಲ್ಲಿ ಒಬ್ಬರೂ ಇರಬಾರದು ಎಂದರೆ ಮಾತ್ರ, ಇದ್ದವನು ಎದ್ದು ಕಾಣುತ್ತಾನೆ. ಬೆಳಿಗ್ಗೆ ಮೇಲಿನಿಂದ ಕೆಳಕ್ಕೆ ಪ್ರತಿ ಅಂತಸ್ತೂ ನೋಡಿ ಖಾಲಿ ಮಾಡಿಸಬೇಕು, ಮೇಲೊಬ್ಬ ಕೆಳಗೊಬ್ಬ ನಿಲ್ಲಬೇಕು. ವಾಚ್‌ಮನ್ ಕುಟುಂಬ ಅಲ್ಲೇ ವಾಸವಿದ್ದರೆ ಅವರ ಜೊತೆ ಮೊದಲೇ ಮಾತಾಡಿಕೊಳ್ಳಿ, ಹೊಸಬರನ್ನು ಮೊದಲು ಗುರುತಿಸುವವರು ಅವರೇ. ಮೇಲೆ ನಿಂತವನಿಗೆ ಒಂದು ತಾಡಪಾಲಿನ ನೆರಳು, ಎರಡು ಬಾಟಲಿ ನೀರು, ಮುಕ್ಕಾಲು ಗಂಟೆಗೊಮ್ಮೆ ಬದಲಿ. ಬದಲಿಯವನು ಮೇಲೆ ಬಂದ ಮೇಲೇ ಇವನು ಇಳಿಯಬೇಕು. ನಮ್ಮ ಕಡೆ ಕಾವಲು ತಪ್ಪುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ಬಿಸಿಲಿನಿಂದ. ನೆರಳಿಗೆಂದು ಹತ್ತು ನಿಮಿಷ ಕೆಳಗಿಳಿದರೆ ಆ ಹತ್ತು ನಿಮಿಷ ಮಾಳಿಗೆ ಅನಾಥ.

ಮಾತು ಮುಟ್ಟಿಸುವ ದಾರಿಯೂ ಒಂದೇ ಇರಲಿ. ಐದು ಸಾವಿರ ಮಂದಿ ಒಂದೆಡೆ ಸೇರಿ ವಿಡಿಯೋ ಕಳಿಸತೊಡಗಿದರೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಿಮ್ಮ ಕಮಿಟಿಯ ಒಬ್ಬರು ಸಭೆ ಮುಗಿಯುವ ತನಕ ವೈರ್‌ಲೆಸ್ ಹಿಡಿದ ಅಧಿಕಾರಿಯ ಪಕ್ಕದಲ್ಲೇ ಇರಬೇಕು, ವೇದಿಕೆ ಮೇಲೆ ಶಾಲು ಹೊದಿಸಿಕೊಳ್ಳಲು ಹೋಗಬಾರದು. ಭಾಷಣ ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿ ಮೈಕ್ ಸೆಟ್ಟಿನವನಿಗೂ ಗೊತ್ತಿರಬೇಕು. ಬಟ್ಲರ್‌ನಲ್ಲಿ ಅನುಮಾನ ಬಂದಮೇಲೂ ಭಾಷಣ ಶುರುವಾಯಿತು, ಮುಂದುವರಿಯಿತು. ಡ್ರೋನ್ ಒಂದೇ ಇರಲಿ, ಅದರ ಫೋಟೊಗ್ರಾಫರ್ ಹೆಸರು ಠಾಣೆಗೆ ಕೊಡಿ. ಆಗ ಎರಡನೆಯದು ಹಾರಿದರೆ ಪ್ರಶ್ನೆಯೇ ಇಲ್ಲ, ವಿಚಾರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮಂಥ ಸಭೆಗೆ ದೂರದ ರೈಫಲ್ಲಿಗಿಂತ ಹತ್ತಿರದ ಕೈಯೇ ದೊಡ್ಡ ಅಪಾಯ ಎಂಬುದು ನನ್ನ ಅಭಿಪ್ರಾಯ. ನಾಡ ಪಿಸ್ತೂಲಿಗೆ ಗುರಿ ಸಿಗುವುದು ಕೆಲವೇ ಮೀಟರ್. ಆ ಕೆಲವು ಮೀಟರನ್ನು ಬಿಟ್ಟುಕೊಡುವವರು ನಾವೇ. ಕ್ರೇನಿನಲ್ಲಿ ಸೇಬಿನ ಹಾರ ತೂಗಿ, ಜೆಸಿಬಿ ಬಕೆಟ್ಟಿನಲ್ಲಿ ನಿಂತು ಹೂ ಸುರಿಯುವ ಹುಡುಗರನ್ನು ಯಾರು ತಪಾಸಣೆ ಮಾಡುತ್ತಾರೆ? ನಾಯಕರ ತಲೆಯ ಮೇಲೆಯೇ ಎತ್ತರದ ಜಾಗವನ್ನು ನಾವೇ ತಂದು ನಿಲ್ಲಿಸಿರುತ್ತೇವೆ. ಪೇಟ, ಬೆಳ್ಳಿ ಗದೆ, ಖಡ್ಗ ಹಿಡಿದು ವೇದಿಕೆ ಹತ್ತುವ ಅಭಿಮಾನಿಗಳೂ ಹಾಗೇ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಗೆ ಸಾವು ಬಂದದ್ದು ಹಾರ ಹಿಡಿದೇ. ಹಾರ, ಉಡುಗೊರೆ ಎಲ್ಲವೂ ಒಂದು ಮೇಜಿನ ಮೇಲೆ ಬೆಳಿಗ್ಗೆಯೇ ಬಂದು ತಪಾಸಣೆಯಾಗಲಿ. ಕೊಡುವವರ ಪಟ್ಟಿ ಇರಲಿ. ಮೆಟ್ಟಿಲಿಗೆ ಒಂದೇ ದಾರಿ, ಅಲ್ಲಿ ಮುಖ ಪರಿಚಯವಿರುವ ನಿಮ್ಮವರೊಬ್ಬರು ಪೊಲೀಸರ ಜೊತೆ ನಿಲ್ಲಲಿ. ಪಟಾಕಿ ಬೇಡವೇ ಬೇಡ. ಸರ ಪಟಾಕಿಯ ನಡುವೆ ಹಾರಿದ ಗುಂಡು ಎರಡೂವರೆ ಸೆಕೆಂಡಲ್ಲ, ಎರಡು ನಿಮಿಷವಾದರೂ ಗೊತ್ತಾಗದು.

ಮೆಟಲ್ ಡಿಟೆಕ್ಟರ್ ಬಾಗಿಲು ಎರಡು ತರಿಸುತ್ತೇವೆಂದು ಬರೆದಿದ್ದರೆ ನಾನು ಈ ಲೆಕ್ಕ ಕೇಳುತ್ತಿದ್ದೆ. ಸುಣ್ಣದ ಡಬ್ಬಿ, ಬೀಗದ ಕೈ, ಚಿಲ್ಲರೆ ಇದ್ದವರೆಲ್ಲ ಬಂದಾಗ ಅದು ಕೂಗುತ್ತದೆ; ಕೂಗಿದವರನ್ನೆಲ್ಲ ಕೈಯಿಂದ ನೋಡಬೇಕು; ಒಬ್ಬರಿಗೆ 12 ಸೆಕೆಂಡ್ ಎಂದರೂ ನಿಮಿಷಕ್ಕೆ ಐದು ಮಂದಿ. ಎರಡು ಬಾಗಿಲಿಗೆ ಹತ್ತು. ಐದು ಸಾವಿರಕ್ಕೆ ಎಂಟು ಗಂಟೆ ಮೀರುತ್ತದೆ. ಆಗುವುದೇನು? ಅರ್ಧ ಗಂಟೆಗೆ ಹಿಂದಿನವರು ನೂಕುತ್ತಾರೆ, ಯಾರೋ 'ಬಿಡ್ರಿ ಬಿಡ್ರಿ' ಎನ್ನುತ್ತಾರೆ, ಬಾಗಿಲು ಅಲಂಕಾರಕ್ಕೆ ಉಳಿಯುತ್ತದೆ. ಎರಡು ಗಂಟೆಯಲ್ಲಿ ಎಲ್ಲರೂ ಒಳಬರಬೇಕಾದರೆ ಒಂಬತ್ತು ಸಾಲು ಬೇಕು, ಹೆಂಗಸರಿಗೆ ಪರದೆಯ ಮರೆ, ಮಹಿಳಾ ಸಿಬ್ಬಂದಿ ಬೇರೆ. ಅಷ್ಟು ಆಗದೆಂದರೆ ಎಲ್ಲರ ಮೇಲೂ ತೆಳ್ಳಗೆ ಹರಡುವ ಬದಲು, ವೇದಿಕೆ ಎದುರಿನ ಮೊದಲ ಆವರಣಕ್ಕೆ ಮಾತ್ರ ಗಟ್ಟಿ ತಪಾಸಣೆ ಇಟ್ಟು ಅಲ್ಲಿಗೂ ವೇದಿಕೆಗೂ ನಡುವೆ ಖಾಲಿ ಜಾಗ ಬಿಡಿ. ಉಳಿದವರ ನಡುವೆ ಅಪಾಯ ಪೂರ್ತಿ ಹೋಗುವುದಿಲ್ಲ, ಇದು ನಿಮಗೆ ತಿಳಿದಿರಲಿ.

ಗನ್‌ಮ್ಯಾನ್ ವಿಷಯ: ಬೇಡ. ಬಳ್ಳಾರಿ ಸೀಮೆಯಲ್ಲಿ ಗನ್‌ಮ್ಯಾನ್ ಜೊತೆಗಿದ್ದರೆ ಒಂದು ತೂಕ ಎಂಬ ಭಾವನೆ ಇದೆ. ಭದ್ರತೆಗೆ ಅದರಿಂದ ತೊಂದರೆಯೇ ಹೆಚ್ಚು. ಸಾಮಾನ್ಯವಾಗಿ ಅವರ ಕೈಯಲ್ಲಿರುವುದು 12 ಬೋರಿನ ಬಂದೂಕು. ಅದರ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, 20 ಮೀಟರಿನಲ್ಲೇ ಹತ್ತಾರು ಸೆಂಟಿಮೀಟರ್ ಅಗಲಕ್ಕೆ ಹರಡುತ್ತದೆ, ಜನರ ನಡುವೆ ಒಬ್ಬನನ್ನೇ ಗುರಿ ಮಾಡಲಾಗದು. ಗಲಾಟೆಯಲ್ಲಿ ಸಾದಾ ಬಟ್ಟೆಯ ಒಬ್ಬ ಬಂದೂಕು ಎತ್ತಿದರೆ ಅವನು ನಿಮ್ಮವನೋ ಹಂತಕನೋ ಎಂದು ಪೊಲೀಸರಿಗೆ ತಿಳಿಯುವುದಿಲ್ಲ. 'ಹೆದರಿಸಲು ಗಾಳಿಯಲ್ಲಿ' ಹಾರಿಸಿದ ಗುಂಡು ಎಲ್ಲೋ ಇಳಿಯಲೇಬೇಕು, ಯಾರದೋ ತಲೆಯ ಮೇಲೂ ಇಳಿಯಬಹುದು. ಕಾನೂನಿನಲ್ಲೂ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಜಾಗರೂಕತೆಯಿಂದಲೋ ಸಂಭ್ರಮಕ್ಕೋ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅತಿಥಿಗಳ ಜೊತೆ ಬರುವ ಖಾಸಗಿ ಗನ್‌ಮ್ಯಾನ್‌ಗಳ ಹೆಸರು, ಲೈಸೆನ್ಸ್ ಪ್ರತಿಯನ್ನು ಮೊದಲೇ ಠಾಣೆಗೆ ಕೊಡಿಸಿ. ಅವರು ಮೈದಾನದ ಹೊರಗೆ ವಾಹನದ ಬಳಿ ಇರಲಿ ಎಂದು ಆಹ್ವಾನ ಕೊಡುವಾಗಲೇ ಹೇಳಿ. ಸಭೆಯ ದಿನ ಗೇಟಿನಲ್ಲಿ ಹೇಳಿದರೆ ಜಗಳ. ಹಣ ಖರ್ಚು ಮಾಡಲೇಬೇಕಿದ್ದರೆ ಬ್ಯಾರಿಕೇಡಿಗೆ ಮಾಡಿ.

ಗುಂಡಿನ ಸದ್ದು ಕೇಳಿದರೆ? ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಬರುತ್ತದೆ. 135 ಮೀಟರಿನಿಂದ ಹಾರಿಸಿದ ಸದ್ದು ನಿಮ್ಮ ಕಿವಿಗೆ ಬೀಳಲು 0.4 ಸೆಕೆಂಡ್ ಬೇಕು, ಗುಂಡಿಗೆ ಅದರ ಅರ್ಧವೂ ಬೇಡ. ಮೊದಲನೆಯದನ್ನು ಯಾರೂ ತಪ್ಪಿಸಲಾರರು, ಎರಡನೆಯದನ್ನು ತಪ್ಪಿಸಬಹುದು. ವೇದಿಕೆ ಮೇಲಿದ್ದವರು ಓಡದೆ ಅಲ್ಲೇ ನೆಲಕ್ಕೆ ಮಲಗಬೇಕು. ಮೈಕ್ ಹಿಡಿದವರು 'ಓಡ್ರಿ' ಎನ್ನಬಾರದು. 'ಎಲ್ಲರೂ ಕೆಳಗೆ ಕೂತ್ಕೊಳ್ರಿ' ಎಂಬುದೊಂದೇ ಮಾತು, ಮತ್ತೆ ಮತ್ತೆ, ದನಿ ಏರಿಸದೆ. ಪೊಲೀಸರು ಹೇಳಿದ ಮೇಲೆ ಯಾವ ಗೇಟಿನಿಂದ ಹೋಗಬೇಕೆಂದು ಹೇಳುವುದು. ದೀಪ ಆರಿಸಬೇಡಿ, ಜೆಸ್ಕಾಂ ಕರೆಂಟು ಹೋದರೂ ಉರಿಯುವಂತೆ ಗೇಟುಗಳ ದೀಪ ಜನರೇಟರಿಗೆ ಇರಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ, ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ 41 ಮಂದಿ ಸತ್ತದ್ದು ಒಂದೂ ಗುಂಡು ಹಾರದೆ, ನೂಕುನುಗ್ಗಲಿನಲ್ಲಿ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಮಂದಿ ಹೊರಹೋಗಬಹುದು. ಐದು ಸಾವಿರ ಮಂದಿ ಎಂಟು ನಿಮಿಷದಲ್ಲಿ ಹೊರಬೀಳಲು ಒಟ್ಟು ಎಂಟು ಮೀಟರ್ ಬೇಕು. ಗುಂಡು ಬಂದ ದಿಕ್ಕಿನ ಗೇಟು ಮುಚ್ಚಬೇಕಾಗಬಹುದು, ಆದ್ದರಿಂದ ಎರಡು ಮೀಟರಿನ ಐದು ಗೇಟು ಇಡಿ. ಎಲ್ಲವೂ ಹೊರಕ್ಕೆ ತೆರೆಯಲಿ, ಎದುರಿಗೆ ಬಜ್ಜಿ ಗಾಡಿ, ಬೈಕು ನಿಲ್ಲದಿರಲಿ.

ಗಾಯಾಳುವಿಗೆ ಬೇಕಾದದ್ದು ರಕ್ತ ನಿಲ್ಲಿಸುವ ಕೈ. ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಮೈಭಾರ ಹಾಕಿ ಒತ್ತಿ, ತೆಗೆದು ತೆಗೆದು ನೋಡಬೇಡಿ. ಕೈಕಾಲಿನ ಗಾಯ ಚಿಮ್ಮುತ್ತಿದ್ದರೆ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲವಾದ ಪಟ್ಟಿ ಕಟ್ಟಿ ಕೋಲು ಸಿಕ್ಕಿಸಿ ತಿರುಚಿ, ಕಟ್ಟಿದ ಸಮಯ ಬರೆದಿಡಿ. ಆಂಬುಲೆನ್ಸ್ ಮೈದಾನದೊಳಗೆ, ಮೂತಿ ಹೊರಕ್ಕೆ ಮಾಡಿ ನಿಂತಿರಲಿ. ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಮೊದಲೇ ಪತ್ರ ಕೊಟ್ಟು, ಆ ಹೊತ್ತಿಗೆ ಸರ್ಜನ್, ರಕ್ತ ಇರುತ್ತದೆಯೇ ಎಂದು ಕೇಳಿಕೊಳ್ಳಿ. ಕೊಪ್ಪಳದ ಜಿಲ್ಲಾ ಆಸ್ಪತ್ರೆ 40 ಕಿಲೋಮೀಟರಿಗೂ ಆಚೆ. ರಕ್ತ ಸುರಿಯುತ್ತಿರುವವರಿಗೆ ಅದು ಬಹಳ ದೂರ.

ಕೊನೆಗೆ, ಏನಾದರೂ ನಡೆದೇ ಬಿಟ್ಟರೆ ಉತ್ತರಗಳು ಕಳೆದುಹೋಗುವುದು ಆ ರಾತ್ರಿಯೇ. ಶಾಮಿಯಾನದವನಿಗೆ ಮರುದಿನ ಇನ್ನೊಂದು ಮದುವೆ ಇರುತ್ತದೆ, ಹನ್ನೊಂದಕ್ಕೆ ಕಂಬ ಕೀಳುತ್ತಾನೆ. ಪೌರಕಾರ್ಮಿಕರು ಬೆಳಗಿನ ಜಾವ ಕಸ ಗುಡಿಸುತ್ತಾರೆ. ಹಾರಿದ ಗುಂಡಿನ ಖಾಲಿ ಕೋಶ ಕಸದ ಟ್ರ್ಯಾಕ್ಟರಿಗೆ ಸೇರುತ್ತದೆ. 12 ಬೋರಿನ ನಳಿಕೆ ಒಳಗೆ ನುಣುಪಾಗಿರುವುದರಿಂದ ಚರೆಯ ಮೇಲೆ ಗುರುತು ಬೀಳುವುದಿಲ್ಲ. ಯಾವ ಬಂದೂಕು ಎಂದು ಹೇಳಬಲ್ಲದ್ದು ಖಾಲಿ ಕೋಶದ ಬುಡದಲ್ಲಿನ ಫೈರಿಂಗ್ ಪಿನ್ನಿನ ಗುರುತು. ಅದೇ ಹೋದರೆ ವಿಧಿವಿಜ್ಞಾನ ಪ್ರಯೋಗಾಲಯ ಏನು ಮಾಡೀತು? ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಚಿತ್ರೀಕರಿಸಬೇಕೆಂದು ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ಅವರು ಬರುವ ತನಕ ಒಂದು ಕುರ್ಚಿಯೂ ಅಲುಗದಂತೆ ನೋಡಿಕೊಳ್ಳಿ. ಮಿಲ್ಲಿನ, ಅಂಗಡಿಗಳ ಸಿ.ಸಿ. ಕ್ಯಾಮೆರಾದ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ತನ್ನಷ್ಟಕ್ಕೆ ಅಳಿದು ಹೊಸದು ತುಂಬಿಕೊಳ್ಳುತ್ತದೆ, ಆದ್ದರಿಂದ ಉಳಿಸಿಡಿ ಎಂದು ಅಂದೇ ಬರಹದಲ್ಲಿ ಕೇಳಿ ಸಹಿ ಪಡೆಯಿರಿ. ನಿಮ್ಮ ಹುಡುಗರ ಫೋನಿನ ವಿಡಿಯೋಗಳನ್ನು ವಾಟ್ಸಾಪಿನಲ್ಲಿ ಕಳಿಸುವುದು ಬೇಡ, ಅಲ್ಲಿ ವಿಡಿಯೋ ಕುಗ್ಗುತ್ತದೆ, ತೆಗೆದ ಸಮಯದ ವಿವರವೂ ಉಳಿಯುವುದಿಲ್ಲ. ಫೋನಿನಲ್ಲಿ ಮೂಲ ಹಾಗೇ ಇರಲಿ, ತನಿಖಾಧಿಕಾರಿಗೆ ಅದನ್ನೇ ತೋರಿಸಿ. ಶಾಮಿಯಾನದವನ ಬಾಡಿಗೆ ಕರಾರಿನಲ್ಲಿ 'ಪೊಲೀಸರು ಹೇಳುವ ತನಕ ಬಿಚ್ಚತಕ್ಕದ್ದಲ್ಲ' ಎಂದು ಒಂದು ಸಾಲು ಸೇರಿಸಿ. ಒಂದು ದಿನದ ಹೆಚ್ಚುವರಿ ಬಾಡಿಗೆ ಕೇಳುತ್ತಾನೆ, ಒಪ್ಪಿಕೊಳ್ಳಿ.